ಕಲ್ಬಾನಿ

ಅಳೆದುಕೊಳ್ಳಿ. ಕಾರ್ಡಿಫ್‌ನಿಂದ ಇಷ್ಟು ದೂರ ಬಂದಿದ್ದೀರಿ,
ಒಳಗೆ, ಹೊರಗೆ, ತಳದ ತೂತು, ಎಲ್ಲ ಅಳೆದುಕೊಳ್ಳಿ.
ಬಾಯಿ ಸರಿಯಾದ ದುಂಡಲ್ಲ;
ಕೆತ್ತಿದವನಿಗೆ ಆ ದಿನ ಚಳಿಯಿತ್ತೋ, ಕೂಲಿ ಕಮ್ಮಿಯಿತ್ತೋ.
ಎಂಟುನೂರು ವರ್ಷ ಅಂತ ಬರೆದಿರಾ?
ಇರಬಹುದು. ನನಗೆ ಗೊತ್ತಿರುವುದು ಎಂಬತ್ತು.

ಮೂಲೆಗೊಂದು ಮುಖ, ನಾಲ್ಕು.
ಒಂದರ ಮೂಗು ಹೋಗಿದೆ. ಇನ್ನೊಂದರಲ್ಲಿ
ಬಾಯಿ ಬಿಟ್ಟು ಮತ್ತೇನೂ ಉಳಿದಿಲ್ಲ.
ಬಾಗಿಲ ಕಡೆಗಿರುವುದು ಥೇಟು ಇಡ್ವಾಲ್ ಚಿಕ್ಕಪ್ಪ:
ಸಾಲ ಕೇಳಲು ಬಂದವರನ್ನು ಹೀಗೇ ನೋಡುತ್ತಿದ್ದ.

ಅಂಚಿನ ಗೀರುಗಳಿಗೆ ಅರ್ಥ ಹುಡುಕಬೇಡಿ.
ಕುರಿಯ ಉಣ್ಣೆ ತೆಗೆಯುವ ಕತ್ತರಿ ಮಸೆದದ್ದು.
ಯಾವನೋ ರಾಜನ ತಲೆ ಉರುಳಿದ ಕಾಲಕ್ಕೆ
ಕುದುರೆಯೇರಿ ಬಂದವರು ಇದನ್ನೂ ಹೊರಗೆ ಉರುಳಿಸಿದರಂತೆ,
ಕಲ್ಲಿಗೇನು ಕೆಲಸ ದೇವರ ಮನೆಯಲ್ಲಿ ಅಂತ.
ಉರುಳಿ ಉರುಳಿ ನಿಂತದ್ದು ನಮ್ಮ ಅಂಗಳದಲ್ಲಿ.
ಇನ್ನೂರು ವರ್ಷ ದನ ಕುಡಿದವು,
ಬಾತುಕೋಳಿ ಮುಳುಗಿ ಎದ್ದವು.
ಗುರುತಿಸಿದ್ದು ಒಬ್ಬ ಹೊಸ ಪಾದ್ರಿ,
ಅದೂ ಕುದುರೆಗೆ ನೀರು ಕುಡಿಸುವಾಗ.
ಟೊಪ್ಪಿ ತೆಗೆದು ನಿಂತುಬಿಟ್ಟನಂತೆ.
ಪಾಪ, ಗುಡ್ಡ ಹತ್ತಿ ತಲೆ ಸುತ್ತಿರಬೇಕು, ಅಂದುಕೊಂಡ ಮುತ್ತಾತ.
ಬದಲಿಗೆ ಕಬ್ಬಿಣದ ಬಾನಿ ಕೊಟ್ಟು
ಇದನ್ನು ಜಾರುಬಂಡಿಯಲ್ಲಿ ಎಳೆಸಿಕೊಂಡು ಹೋದ.
ಕಬ್ಬಿಣ ಹನ್ನೆರಡೇ ವರ್ಷಕ್ಕೆ ತೂತುಬಿತ್ತು.
ಆ ಸಿಟ್ಟು ನಮ್ಮ ಮನೆಯಲ್ಲಿ ಮೂರು ತಲೆಮಾರು ಇತ್ತು.

ಈ ಮುರುಕು? ನಿಲ್ಲಿ, ತಪ್ಪು ಬರೆಯಬೇಡಿ.
ಆಚೆ ಬದಿಯದು ಹಳೆಯದು, ಹೌದು,
ಮಾಟಗಾರರು ನೀರು ಕದಿಯದಿರಲೆಂದು
ಮುಚ್ಚಳಕ್ಕೆ ಬೀಗ ಜಡಿದ ಕಾಲದ್ದು.
ಈಚೆಯದು ನಲವತ್ತೇಳರದು. ಮಾರ್ಚ್.
ಬೇಲಿಗಳೆಲ್ಲ ಹಿಮದಡಿ ಹೋಗಿದ್ದವು.
ಅಮ್ಮನಿಗೆ ದಿನ ತುಂಬದೆ ಹೆರಿಗೆ. ಕೂಸಿಗೆ
ಉಸಿರು ಇದೆಯೋ ಇಲ್ಲವೋ ಅನ್ನುವಷ್ಟು.
ಪಾದ್ರಿ ಗುಡ್ಡದಾಚೆ. ದಾರಿಯೇ ಇಲ್ಲ.
ಅಪ್ಪ ಹಾರೆ ತೆಗೆದುಕೊಂಡ.
ನಾನು ಲಾಟೀನು ಹಿಡಿದೆ; ನನಗಾಗ ಏಳು.
ಒಂದೇ ಏಟಿಗೆ ಕೊಂಡಿ ಹಾರಿತು, ಜೊತೆಗೆ ಇಷ್ಟು ಕಲ್ಲೂ.
ಒಳಗೆ ನೀರಿರಲಿಲ್ಲ, ಗಟ್ಟಿ ಮಂಜುಗಡ್ಡೆ.
ಒಂದು ಚೂರು ಒಡೆದು ಬಾಯಿಗೆ ಹಾಕಿಕೊಂಡ.
ದಾರಿಯುದ್ದಕ್ಕೂ ಮಾತಾಡಲಿಲ್ಲ.
ನಾನು ಎರಡು ಸಲ ಬಿದ್ದೆ, ಆಗಲೂ.
ಮನೆಗೆ ಬಂದು ಬೊಗಸೆಗೆ ಉಗಿದು
ಕೂಸಿನ ಹಣೆ ಒದ್ದೆ ಮಾಡಿ, ಗ್ವೆರ್ವಿಲ್, ಅಂದ.

ಯಾವ ನೀರಾದರೂ ಆಗುತ್ತಿತ್ತು, ಆಮೇಲೆ ಪಾದ್ರಿ ಹೇಳಿದ್ದು;
ಒಲೆಯ ಮೇಲೆ ಕೆಟಲ್‌ನಲ್ಲೇ ಇತ್ತಲ್ಲ.
ಅಪ್ಪನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಬದುಕಿದಳು. ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಿತ್ತು.
ಹದಿನೇಳಕ್ಕೆ ಕೆಳಬೀದಿಯ ಚಾಪೆಲ್ ಸೇರಿ,
ಬುದ್ಧಿ ಬಾರದ ಕೂಸಿಗೆ ಹಾಕಿದ ನೀರು ಲೆಕ್ಕಕ್ಕಿಲ್ಲ ಅಂದಳು.
ಮೇ ತಿಂಗಳ ಹೊಳೆಯಲ್ಲಿ, ಎಲ್ಲರೆದುರು,
ಪೂರ್ತಿ ಮುಳುಗಿದಳು.
ಅಪ್ಪ ವಾರವಿಡೀ ಮಾತು ಬಿಟ್ಟಿದ್ದ,
ಬಾಯಲ್ಲಿ ಇನ್ನೂ ಏನೋ ಇಟ್ಟುಕೊಂಡವನ ಹಾಗೆ.
ಆದರೆ ಆ ದಿನ ದಡದಲ್ಲಿ ನಿಂತಿದ್ದ.
ಕಂಕುಳಲ್ಲಿ ಒಂದು ಒಣ ಟವೆಲು.

ಮುಗಿಯಿತೇ?
ತಳದಲ್ಲಿರುವುದು ಮಳೆಯ ನೀರು, ಸೂರು ಸೋರುತ್ತದೆ.
ಬಾವಲಿಯ ಹಿಕ್ಕೆ ನಿನ್ನೆಯಷ್ಟೇ ತೆಗೆದಿದ್ದೆ, ನೋಡಿ ಮತ್ತೆ.
ಕೊನೆಯ ಕೂಸು ಬಂದು ಮೂವತ್ತು ವರ್ಷವಾಯಿತು.
ಮ್ಯೂಸಿಯಮ್ಮಿಗೋ, ಯಾರದೋ ತೋಟದ ಹೂಗಿಡಕ್ಕೋ,
ನಿಮ್ಮವರು ತೀರ್ಮಾನಿಸಲಿ.
ನಮ್ಮ ಅಂಗಳದಲ್ಲಿ ಅದು ಕೂತ ಜಾಗ ಇನ್ನೂ ಇದೆ,
ಹುಲ್ಲು ಅಲ್ಲಿ ಸರಿಯಾಗಿ ಏಳುವುದಿಲ್ಲ.

ಹೋಗುವಾಗ ಬಾಗಿಲನ್ನು ತುಸು ಎತ್ತಿ ತಳ್ಳಿ;
ಇಲ್ಲದಿದ್ದರೆ ಬೀಗ ಕೂರುವುದಿಲ್ಲ.